ಟೀಚರಮ್ಮ ತರಬೇತಿಗೆ ಹೋಗ್ಯಾರ

ಸಂಡೂರು ಸೀಮೆಯ ಯಶವಂತನಗರದ ಅಂಗನವಾಡಿ ಟೀಚರಮ್ಮನನ್ನು ನೀವು ನೋಡಿಲ್ಲದಿದ್ದರೂ ಚಿಂತೆಯಿಲ್ಲ. ಬಂಡ್ರಿಯಲ್ಲೋ ತೋರಣಗಲ್ಲಿನಲ್ಲೋ ನೋಡಿರುತ್ತೀರಿ. ಹೆಗಲಲ್ಲಿ ಒಂದು ಬ್ಯಾಗು, ಅದರ ಮೇಲೆ ಎಂದೋ ಮುಗಿದುಹೋದ ಅಭಿಯಾನದ ಹೆಸರು. ಒಳಗೆ ಹಾಜರಿ ಪುಸ್ತಕ, ಮಕ್ಕಳ ತೋಳು ಅಳೆಯುವ ಪಟ್ಟಿ, ಮೊಬೈಲ್ ಚಾರ್ಜರು, ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ. ಕೆಲಸಕ್ಕೆ ಸೇರಿದಾಗ ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಅಂದಿನಿಂದ ಸರ್ಕಾರ ಅವರನ್ನು ಓದಿಸುತ್ತಲೇ ಇದೆ. ಪಾಸೋ ಫೇಲೋ ಎಂದು ಯಾರೂ ಹೇಳಿಲ್ಲ, ಮುಂದಿನ ತರಬೇತಿ ಯಾವತ್ತು ಎಂಬುದನ್ನು ಮಾತ್ರ ಹೇಳುತ್ತಾರೆ.

ಬೀಗ ಹಾಕಿದ ದಿನವೂ ಅಲ್ಲ, ತೆರೆದ ದಿನವೂ ಅಲ್ಲ ಎಂಬಂಥ ದಿನಗಳು ಅಂಗನವಾಡಿಗೆ ಇರುತ್ತವೆ. ಸಹಾಯಕಿ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಒಂದೇ ಉತ್ತರ ಕೊಡುತ್ತಾರೆ: ‘ಟೀಚರಮ್ಮ ತರಬೇತಿಗೆ ಹೋಗ್ಯಾರ.’ ಊರವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ‘ಇಷ್ಟು ವರ್ಷ ಆದ್ರೂ ಇನ್ನಾ ಕಲಿಯಾಕತ್ಯಾರ? ನಮ್ಮ ಹುಡುಗ ಮೂರೇ ತಿಂಗಳಿಗೆ ಡ್ರೈವಿಂಗ್ ಕಲ್ತ’ ಎಂದು ಲಾರಿ ಮಾಲೀಕರೊಬ್ಬರು ಕನಿಕರಿಸಿದ್ದೂ ಉಂಟು.

ತರಬೇತಿಯ ಮೊದಲ ದಿನ ಎಲ್ಲ ಕಡೆಯೂ ಒಂದೇ. ಉಪ್ಪಿಟ್ಟು, ಪೆನ್ನು, ಪ್ಯಾಡು. ಆಮೇಲೆ ವೃತ್ತಾಕಾರದಲ್ಲಿ ನಿಂತು ಆನೆಯಾಗುವುದು. ಮೊಮ್ಮಕ್ಕಳನ್ನು ಕಂಡ, ಮಂಡಿನೋವಿನ ಹೆಂಗಸರು ಬಲಗೈಯನ್ನು ಸೊಂಡಿಲು ಮಾಡಿ ಕುಣಿಯಬೇಕು. ‘ಈ ತರಬೇತಿಯಿಂದ ನಿಮ್ಮ ನಿರೀಕ್ಷೆ ಏನು? ಚೀಟಿಯಲ್ಲಿ ಬರೆಯಿರಿ’ ಎಂದಾಗ ನಮ್ಮ ಟೀಚರಮ್ಮ ಪ್ರಾಮಾಣಿಕವಾಗಿ ಬರೆದದ್ದು: ನಾಲ್ಕು ಗಂಟೆ ಬಸ್ಸು.

ಹಾಗಂತ ಅವರು ಮೈಗಳ್ಳ ವಿದ್ಯಾರ್ಥಿನಿಯಲ್ಲ. ಮುಂದಿನ ಸಾಲಿನಲ್ಲೇ ಕೂರುತ್ತಾರೆ, ಪ್ರಶ್ನೆ ಕೇಳುತ್ತಾರೆ. ಒಮ್ಮೆ ಸಂಪನ್ಮೂಲ ವ್ಯಕ್ತಿಯೊಬ್ಬರು ಪರದೆಯ ಮೇಲೆ ಮಾರಿಯಾ ಮಾಂಟೆಸ್ಸರಿಯನ್ನು ತೋರಿಸಿ, ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಶಿಕ್ಷಕರಿಗೆ ತರಬೇತಿ ಕೊಡಲು ಬಂದ ಕತೆ ಹೇಳಿದರು. ಬಂದದ್ದು ಕೆಲವು ತಿಂಗಳ ಮಟ್ಟಿಗೆ. ಅಷ್ಟರಲ್ಲಿ ಇಟಲಿ ಯುದ್ಧಕ್ಕಿಳಿಯಿತು, ಬ್ರಿಟಿಷರು ಮಗನನ್ನು ಹಿಡಿದಿಟ್ಟರು, ತಾಯಿ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ಸಭೆ ಗಂಭೀರವಾಗಿತ್ತು. ಟೀಚರಮ್ಮ ಎದ್ದು ನಿಂತರು: ‘ಸರ್, ತರಬೇತಿಗಂತ ಬಂದಾಕಿ ಏಳು ವರ್ಷ ಸಿಕ್ಕಿಬಿದ್ಲಲ್ಲ, ಟಿಎ-ಡಿಎ ಯಾರು ಕೊಟ್ರು?’ ಬಂದಾಗ ಆಕೆಗೆ ಅರವತ್ತೊಂಬತ್ತು ವರ್ಷ ಎಂದು ತಿಳಿದ ಮೇಲಂತೂ ಗೌರವ ಇಮ್ಮಡಿಯಾಯಿತು. ‘ನಮ್ಮನ್ನ ಅರವತ್ತಕ್ಕೇ ಮನೀಗೆ ಕಳಿಸ್ತಾರ.’

ಟೀಚರಮ್ಮನ ನಿಜವಾದ ಪ್ರತಿಭೆ ಇರುವುದು ತರಬೇತಿ ಮುಗಿದ ಮೇಲೆ. ಬಸ್ಸಿನಲ್ಲಿ ಕೂತು, ಹೊಸದಾಗಿ ಕಲಿತದ್ದಕ್ಕೆ ತಮ್ಮ ಹಳೆಯ ಯಾವ ಕೆಲಸ ಹೊಂದುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಊರು ಬರುವಷ್ಟರಲ್ಲಿ ಹೊಂದಿಬಿಟ್ಟಿರುತ್ತದೆ. ‘ವರ್ಗೀಕರಣ ಕೌಶಲ’ ಎಂದು ಹೇಳಿಕೊಟ್ಟರೋ, ಮಕ್ಕಳ ಮುಂದೆ ಕಡಲೆ, ಹೆಸರು, ಶೇಂಗಾ ಬೆರೆಸಿ ಸುರಿದು ಬೇರ್ಪಡಿಸಲು ಹೇಳುತ್ತಾರೆ. ಬೆಳಗ್ಗೆ ಗಣಿತವಾದ ಕಾಳು ಮಧ್ಯಾಹ್ನ ಸಾರು. ಮಾಂಟೆಸ್ಸರಿ ಶಾಲೆಗಳಲ್ಲಿ ಮಕ್ಕಳು ಬೆರಳಿನಿಂದ ಅಕ್ಷರ ತಿದ್ದಲು ಮರಳಿನ ತಟ್ಟೆ ಇಡುತ್ತಾರಂತೆ. ಇಲ್ಲಿ ತಟ್ಟೆಯೇ ಬೇಕಾಗಿರಲಿಲ್ಲ. ಅದಿರು ಲಾರಿಗಳ ಕಾಲದಲ್ಲಿ ಬೆಳಗ್ಗೆ ಒರೆಸಿದ ಕಿಟಕಿ ಕಟ್ಟೆ ಹನ್ನೊಂದಕ್ಕೆಲ್ಲ ಕೆಂಪು ಸ್ಲೇಟು. ‘ಅ’ ಬರೆ, ಉಫ್ ಅನ್ನು, ‘ಆ’ ಬರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ದೇಶವೆಲ್ಲ ಪರಿಸರದ ಮಾತಾಡಿತು. ಟೀಚರಮ್ಮ ಮಾತ್ರ ಇಲಾಖೆಗೆ ಸೀಮೆಸುಣ್ಣಕ್ಕೆ ಅರ್ಜಿ ಬರೆದರು.

ಸಾರಿಗೆಯ ಪಾಠ ಅವರಿಗೆ ಬಂದ ದೊಡ್ಡ ಪರೀಕ್ಷೆ. ಇಲಾಖೆ ಕಳಿಸಿದ ಚಿತ್ರಪಟದಲ್ಲಿ ಎತ್ತಿನಗಾಡಿ, ದೋಣಿ, ವಿಮಾನ. ಸಂಡೂರಿನ ಮಕ್ಕಳು ದೋಣಿಯನ್ನು ನೋಡಿ ಸುಮ್ಮನಿದ್ದರು. ಹೊರಗೆ ಸದ್ದಾದ ಕೂಡಲೇ ‘ಟಿಪ್ಪರ್ರು’, ‘ಜೆಸಿಬಿ’, ‘ಹಿಟಾಚಿ’ ಎಂದು ನೋಡದೆಯೇ ಗುರುತಿಸಿದರು. ಅಂದಿನಿಂದ ಟೀಚರಮ್ಮ ಎಣಿಕೆಯನ್ನೂ ಲಾರಿ ಚಕ್ರದ ಮೇಲೆ ಕಲಿಸಿದರು. ಫಲವಾಗಿ ಆ ವರ್ಷದ ತಂಡಕ್ಕೆ ಆರರ ನಂತರ ಹತ್ತು, ಹತ್ತರ ನಂತರ ಹನ್ನೆರಡು, ಆಮೇಲೆ ಹದಿನಾಲ್ಕು. ಏಳು, ಎಂಟು, ಒಂಬತ್ತನ್ನು ಒಂದನೇ ತರಗತಿಯ ಮೇಷ್ಟ್ರು ಕಷ್ಟಪಟ್ಟು ಸೇರಿಸಿದರು ಎಂದು ಸುದ್ದಿ.

ಆಕಾರ ಕಲಿಸಲು ಅವರು ತಾಂಡಾದ ಒಬ್ಬ ಅಜ್ಜಿಯನ್ನು ಕರೆತಂದು ನಡುವೆ ನಿಲ್ಲಿಸಿದರು. ಲಂಬಾಣಿ ಲಂಗದಲ್ಲಿ ತ್ರಿಕೋನ, ಚೌಕ, ದುಂಡು ಕನ್ನಡಿ ಎಲ್ಲ ಇವೆ. ಮಕ್ಕಳು ಮುಟ್ಟಿ ನೋಡಿದರು, ಅಜ್ಜಿ ಕಚಗುಳಿಗೆ ನಕ್ಕರು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಅದನ್ನು ಪಠ್ಯವಾಗಿಸಿದವರಿಗೆ ‘ಚಟುವಟಿಕೆ ಕಾರ್ನರ್‌ನಲ್ಲಿ ಚಾರ್ಟ್ ಇಲ್ಲ’ ಎಂಬ ಷರಾ ಸಿಕ್ಕಿತು.

ಮಾತೃಭಾಷೆಯಲ್ಲಿ ಕಲಿಸಬೇಕು ಎಂದು 2020ರ ಶಿಕ್ಷಣ ನೀತಿ ಬಂದಾಗ ಟೀಚರಮ್ಮ ‘ಯಾರ ಮಾತೃಭಾಷೆ?’ ಎಂದು ಕೇಳಿದರು. ಸಂಡೂರನ್ನಾಳಿದ ಘೋರ್ಪಡೆ ಅರಸರ ಬಳುವಳಿಯಾಗಿ ಮರಾಠಿ, ಗಡಿಯಾಚೆಯಿಂದ ತೆಲುಗು, ಗಣಿ ಕೆಲಸಕ್ಕೆ ಬಂದವರ ಹಿಂದಿ, ಸಾಬರ ಓಣಿಯ ಉರ್ದು, ತಾಂಡಾದ ಲಂಬಾಣಿ: ಜೂನ್ ತಿಂಗಳ ಮೊದಲ ವಾರ ಎಲ್ಲವೂ ಒಟ್ಟಿಗೆ ಅಳುತ್ತವೆ. ‘ಯಾಡಿ’ ಎಂದು ಅತ್ತರೆ ಅವ್ವ ಬೇಕು ಎಂದರ್ಥ ಎಂಬುದನ್ನು ಅವರಿಗೆ ಯಾವ ಕೈಪಿಡಿಯೂ ಹೇಳಿಕೊಟ್ಟಿಲ್ಲ. ‘ಅಳಬ್ಯಾಡ’ ಎಂಬ ಒಂದು ಮಾತನ್ನು ಅಷ್ಟೂ ಭಾಷೆಗಳಲ್ಲಿ ಬಲ್ಲ ಅವರು ಬೇರಾವ ಮಾತನ್ನೂ ಆ ಭಾಷೆಗಳಲ್ಲಿ ಬಲ್ಲವರಲ್ಲ.

ಮೊಬೈಲು ಬಂದಾಗ ಮಾತ್ರ ಸ್ವಲ್ಪ ತತ್ತರಿಸಿದರು. 2021ರಲ್ಲಿ ‘ಪೋಷಣ್ ಟ್ರ್ಯಾಕರ್’ ಆ್ಯಪ್ ಬಂತು. ಇನ್ನು ಪುಸ್ತಕಗಳ ಹೊರೆ ಇಳಿಯುತ್ತದೆ ಎಂದರು. ಪುಸ್ತಕಗಳು ಹಾಗೇ ಉಳಿದವು, ಮೊಬೈಲು ಮೇಲೆ ಬಂದು ಕೂತಿತು. ಆಮೇಲೆ 2025ರಲ್ಲಿ ಮನೆಗೊಯ್ಯುವ ಆಹಾರಕ್ಕೆ ಮುಖ ಗುರುತಿಸುವ ಪದ್ಧತಿ ಕಡ್ಡಾಯ. ಬಾಣಂತಿಯರು ಮೊಬೈಲ್ ಎದುರು ನಿಂತು ಕಣ್ಣು ಮಿಟುಕಿಸಬೇಕು. ನೆಟ್‌ವರ್ಕ್ ಸಿಗುವುದು ರಸ್ತೆಬದಿಯ ಕಟ್ಟೆಯ ಮೇಲೆ ಮಾತ್ರ. ‘ಇನ್ನೊಮ್ಮೆ ಮಿಟುಕಿಸವ್ವಾ, ಜೋರಾಗಿ ಮಿಟುಕಿಸು’ ಎಂದು ಟೀಚರಮ್ಮ ಕೂಗುವುದನ್ನು ಕೇಳಿ, ಸೈಕಲ್ ನಿಲ್ಲಿಸಿದ ಗಂಡಸರನ್ನೆಲ್ಲ ಓಡಿಸುವುದೂ ಅವರ ಜಾಬ್ ಚಾರ್ಟಿಗೆ ಸೇರಿತು.

ಇಷ್ಟಾದರೂ ಪಕ್ಕದ ಬೀದಿಯ ಕಾನ್ವೆಂಟಿನ ಹಳದಿ ವ್ಯಾನು ಹಾರ್ನ್ ಹೊಡೆದರೆ ಅವರ ಮುಖ ಸಣ್ಣದಾಗುತ್ತದೆ. ಟೈ ಇಲ್ಲದ್ದು ಶಾಲೆಯೇ ಅಲ್ಲ ಎನ್ನುವ ತಾಯಂದಿರೂ ಹಾಲಿನಪುಡಿ, ಮೊಟ್ಟೆಯ ದಿನ ತಪ್ಪಿಸುವುದಿಲ್ಲ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆದಾಗ ಅಂಗನವಾಡಿಯವರು ಬೀದಿಗಿಳಿದರು. ನಮ್ಮ ಟೀಚರಮ್ಮ ಘೋಷಣೆಯನ್ನೂ ಶಿಶುಗೀತೆಯ ಧಾಟಿಯಲ್ಲೇ, ಅಭಿನಯ ಸಹಿತ ಕೂಗಿದರು. ಕೈಗಳು ತಾವಾಗಿಯೇ ಸೊಂಡಿಲಾದವಂತೆ.

ಈಚೆಗೆ ಹತ್ತಿರದ ಕೇಂದ್ರಕ್ಕೆ ಎಂ.ಎ. ಓದಿದ ಹುಡುಗಿ ಕೆಲಸಕ್ಕೆ ಬಂದಿದ್ದಾಳೆ. ‘ಪೋಷಣ್ ಭೀ ಪಢಾಯಿ ಭೀ’ ತರಬೇತಿಯ ಪುಸ್ತಕವನ್ನು ಗೆರೆ ಎಳೆದು ಓದಿದವಳು. ಅವಳ ಕೇಂದ್ರದಲ್ಲಿ ಒಬ್ಬ ಹುಡುಗ ಬಾಗಿಲು ಬಿಟ್ಟು ಕದಲದೆ ಅಳುತ್ತಿದ್ದ. ಟೀಚರಮ್ಮ ಹೋದವರೇ ಕೇಂದ್ರದ ಬೀಗವನ್ನು ಅವನ ಕೈಗಿತ್ತು, ‘ನೀನು ಸಾಹೇಬ. ಯಾರೂ ಹೊರಗೆ ಹೋಗದಂಗ ಕಾಯಿ’ ಎಂದರು. ಹುಡುಗ ಮೂಗು ಒರೆಸಿಕೊಂಡು, ತಾನೇ ಓಡಿಹೋಗಬೇಕಿದ್ದ ಬಾಗಿಲನ್ನು ಎರಡು ಕೈಯಲ್ಲಿ ಅಡ್ಡಗಟ್ಟಿ ನಿಂತ.

‘ಇದು ಯಾವ ಪುಟದಾಗ ಐತಿ ಮೇಡಂ?’ ಎಂದು ಹುಡುಗಿ ಪುಸ್ತಕ ತಿರುವಿದಳು.

‘ಇನ್ನಾ ಪ್ರಿಂಟ್ ಆಗಿಲ್ಲವ್ವಾ’ ಎಂದು ಟೀಚರಮ್ಮ ತಮ್ಮ ಮೊಬೈಲು ಮುಂದೆ ಹಿಡಿದರು. ‘ಈಗ ನೀನು ನನಗ ಈ ಫೋಟೊ ಗ್ರೂಪಿಗೆ ಹಾಕೋದು ಹೆಂಗಂತ ಕಲಿಸು. ಸೂಪರ್‌ವೈಸರ್ ಎರಡು ಸಲ ಕೇಳ್ಯಾರ.’