ಒಲೆಯ ಪಕ್ಕ ಒಂದು ಗೇಣು

ಬಂಟ್ವಾಳ–ಮೂಡುಬಿದಿರೆ ರಸ್ತೆಯಲ್ಲಿ ಸಿದ್ಧಕಟ್ಟೆಯ ಆಸುಪಾಸಿಗೆ ಈಗ ಯಾರ ಮನೆ ಒಕ್ಕಲಿಗೆ ಹೋದರೂ ಊಟಕ್ಕೆ ಮೊದಲು ಒಂದು ಕಾರ್ಯಕ್ರಮ ಉಂಟು. ಅದು ಅಡಿಗೆಮನೆಯ ದರ್ಶನ. ದೇವರ ಕೋಣೆಯಾದರೆ ಬಾಗಿಲಲ್ಲೇ ನಿಂತು ಕೈಮುಗಿದು ಹಿಂದೆ ಬರಬಹುದು, ಅಡಿಗೆಮನೆಯಲ್ಲಿ ಆ ರಿಯಾಯಿತಿ ಇಲ್ಲ. ಒಂದೊಂದೇ ಡ್ರಾಯರ್ ಎಳೆಯಬೇಕು, ಅದು ಸದ್ದಿಲ್ಲದೆ ತಾನಾಗಿ ಒಳಗೆ ಹೋಗುವುದನ್ನು ನೋಡಿ 'ಓಹೋ' ಅನ್ನಬೇಕು. ಇಷ್ಟು ಹೊತ್ತೂ ಆ ದಿನದ ಸಾರು, ಪಾಯಸಗಳು ಬೇಯುತ್ತಿರುವುದು ಮಾತ್ರ ಹಿತ್ತಿಲಿನ ತಗಡಿನ ಮಾಡಿನ ಕೆಳಗೆ, ಸೌದೆಯ ಒಲೆಯಲ್ಲಿ. ಅಲ್ಲಿ ಅಡಿಗೆ ಭಟ್ಟರು ಸೌಟು ಬೀಸುವುದಕ್ಕೆ ನಾಲ್ಕು ಸುತ್ತಲೂ ಜಾಗ ಉಂಟು.

ಹಳೆಯ ಮನೆಗಳಲ್ಲೂ ಒಲೆಗೆ ಇಷ್ಟೇ ಸಲುಗೆ ಇತ್ತು. ಬದಿಗೆ ಮಣ್ಣಿನ ಗೋಡೆ, ಕೆಳಗೆ ಸೆಗಣಿ ಸಾರಿಸಿದ ನೆಲ. ತಲೆಯ ಮೇಲೆ ಬಹಳ ಎತ್ತರದಲ್ಲಿ ಅಟ್ಟ, ಅಲ್ಲಿ ಹೊಗೆ ಕುಡಿಯುತ್ತ ಕುಳಿತ ಪುನರ್ಪುಳಿ ಸಿಪ್ಪೆ. ಹಾಗೆಂದು ಅದು ಸ್ವರ್ಗವೇನೂ ಆಗಿರಲಿಲ್ಲ. ಮಳೆಗಾಲದ ಹಸಿ ಸೌದೆಯನ್ನು ಊದಿ ಊದಿ ನಮ್ಮ ಅಜ್ಜಿಯಂದಿರ ಕಣ್ಣು, ಎದೆ ಎರಡೂ ಸೋತವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಹೊಗೆ ಕೊಳವೆಯ ಅಸ್ತ್ರ ಒಲೆಯನ್ನು ಮಾಡಿಕೊಟ್ಟಿತು. ಆಮೇಲೆ ಗ್ಯಾಸ್ ಬಂತು, ಹೊಗೆ ಹೋಯಿತು. ಗ್ಯಾಸಿನ ಬೆನ್ನಿಗೆ ಕಪಾಟುಗಳು ಬಂದವು. ಅವು ಒಲೆಯ ಜಾಗವನ್ನೇ ತಿಂದುವು.

ಈ ಕಪಾಟುಗಳ ಮೂಲ ಜರ್ಮನಿಯಲ್ಲಿದೆ. 1926ರಲ್ಲಿ ಮಾರ್ಗರೇಟ್ ಶ್ಯುಟ್ಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟಿನ ಬಾಡಿಗೆ ಮನೆಗಳಿಗಾಗಿ ಗೋಡೆಗೆ ಅಂಟಿದ ಕಪಾಟುಗಳ ಪುಟ್ಟ ಅಡಿಗೆಮನೆಯನ್ನು ರೂಪಿಸಿದರು. ಅಗಲ ಎರಡು ಮೀಟರಿಗೂ ಸ್ವಲ್ಪ ಕಮ್ಮಿ. ಹೆಂಗಸರ ನಡಿಗೆ ಉಳಿಯಲಿ ಎಂದು ಹೆಜ್ಜೆ ಹೆಜ್ಜೆಯನ್ನೂ ಲೆಕ್ಕ ಹಾಕಿದ ಮಹಾತಾಯಿ. ಅವರ ಲೆಕ್ಕಕ್ಕೆ ಬಾರದೆ ಹೋದದ್ದು ನಮ್ಮ ಕುಚ್ಚಲಕ್ಕಿ ಗಂಜಿಯ ತಪಲೆ, ಬೀಡಿನ ಕಾವಲಿ ಮತ್ತು ಪತ್ರೊಡೆಯ ಅಟ್ಟಿನಳಗೆ.

ದುಬೈಯಿಂದ ಮರಳಿದ ನಮ್ಮ ಭಾವ ಕಟ್ಟಿಸಿದ ಮನೆಯಲ್ಲಿ ಒಲೆಯೆಂದರೆ ನೆಲದ ಮೇಲೆ ತಾನಾಗಿ ನಿಲ್ಲುವ ಕುಕಿಂಗ್ ರೇಂಜ್. ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್. ಕಿಚನ್ ಕೂರಿಸಲು ಬಂದ ಹುಡುಗ ಅದರ ಎಡಬಲ ನೋಡಿ ಹೇಳಿದ: "ಸಂದು ಬಿಟ್ಟರೆ ಚಂದ ಕಾಣುವುದಿಲ್ಲ ಸರ್, ಜಿರಳೆಯೂ ಹೊಕ್ಕುತ್ತದೆ." ಭಾವನಿಗೆ ಜಿರಳೆಯ ಮಾತು ನಾಟಿತು. ಬಲಬದಿಗೆ ಮಾಡು ಮುಟ್ಟುವ ಕಪಾಟು ಒಲೆಗೆ ಅಂಟಿಯೇ ನಿಂತಿತು.

ಅತ್ತೆ ನೀರುದೋಸೆಗೆ ಕಾವಲಿ ಇಟ್ಟರು. ಕಾವಲಿಯ ಕಾಲುಭಾಗ ಬರ್ನರಿನಿಂದ ಹೊರಗೆ, ಹಿಡಿ ನೇರ ಕಪಾಟಿನ ಹೊಟ್ಟೆಗೆ. "ದೋಸೆ ಹೊಯ್ಯುವುದು ಹೇಗೆ ಮಗಾ, ಮೊಣಕೈಯನ್ನು ಬಿಚ್ಚಿ ಆಚೆ ಇಡಬೇಕಾ?" ಎಂದು ಕೇಳಿದರು. ಭಾವ ಉತ್ತರ ಕೊಡಲಿಲ್ಲ, ಕಪಾಟು ಕೊಟ್ಟಿತು. ಆಟಿ ತಿಂಗಳು ಮುಗಿಯುವುದರೊಳಗೆ ಒಲೆಯ ಕಡೆಯ ಲ್ಯಾಮಿನೇಟಿನ ಅಂಚು ಹಪ್ಪಳದ ಹಾಗೆ ಎದ್ದಿತು. ಒಳಗಿನ ಪ್ಲೈವುಡ್ ಕಂದಿ, ಮುಟ್ಟಿದರೆ ಹುಡಿಯಾಗುತ್ತಿತ್ತು. ನಮ್ಮ ಮಳೆಗಾಲದ ತೇವ ಅದನ್ನು ಹಿಗ್ಗಿಸುತ್ತದೆ, ಒಲೆಯ ಕಾವು ಕುಗ್ಗಿಸುತ್ತದೆ. ದಿನಾ ಈ ಎಳೆದಾಟ ನಡೆದರೆ ಅಂಟು ಎಷ್ಟು ಕಾಲ ಹಿಡಿದೀತು?

ಆಮೇಲೆ ರೇಂಜಿನ ಜತೆ ಬಂದಿದ್ದ, ಯಾರೂ ಬಿಚ್ಚದ ಪುಸ್ತಕವನ್ನು ಬಿಚ್ಚಿದೆವು. ಇಂಥ ಪುಸ್ತಕಗಳ ತಾತ್ಪರ್ಯ ಹೆಚ್ಚುಕಡಿಮೆ ಒಂದೇ. ಒಲೆಯ ಮಟ್ಟಕ್ಕೇ ನಿಲ್ಲುವ ಕಪಾಟಾದರೆ ಸಣ್ಣ ಸಂದು ಸಾಕು. ಅದಕ್ಕಿಂತ ಎತ್ತರದ್ದಾದರೆ ಸುಮಾರು 15 ಸೆಂಟಿಮೀಟರ್ ದೂರ ಇರಬೇಕು. ಒಂದು ಗೇಣು ಬಿಟ್ಟರೆ ಧಾರಾಳ. ನೆತ್ತಿಯ ಮೇಲೆ ಮರದ ಕಪಾಟು ಬೇಕೇ ಬೇಕೆಂದರೆ 75 ಸೆಂಟಿಮೀಟರಾದರೂ ಮೇಲಿರಲಿ. ಚಿಮಣಿಗೆ ಸಾಮಾನ್ಯವಾಗಿ ಹೇಳುವ ಎತ್ತರ 65ರಿಂದ 75. ಓವನ್ ಬಾಗಿಲು ತೆರೆದಾಗ ಎದುರು ನಿಂತವರು ಹಿಂದೆ ಸರಿಯಲು ಜಾಗ ಬೇಕು. ತೆರೆದ ಬಾಗಿಲ ಮೇಲೆ ಭಾರ ಬಿದ್ದರೆ ರೇಂಜ್ ಮುಂದಕ್ಕೆ ಮಗುಚಬಹುದು, ಅದಕ್ಕೇ ಹಿಂದಿನಿಂದ ಗೋಡೆಗೆ ಸರಪಳಿ. ಕಿಟಕಿಯ ಬುಡದಲ್ಲಿ ಒಲೆ ಬೇಡ. ಗಾಳಿಗೆ ಉರಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ, ಉರಿ ಆರದಿದ್ದರೆ ಪರದೆ ಉಂಟಲ್ಲ!

ಸಿಲಿಂಡರಿನ ಕತೆ ಬೇರೆಯೇ. 14.2 ಕಿಲೋ ಗ್ಯಾಸಿನ ಆ ಕೆಂಪು ಸಿಲಿಂಡರ್ ಚಂದದ ಅಡಿಗೆಮನೆಯಲ್ಲಿ ಕಾಣಿಸಬಾರದಂತೆ! ಹಾಗೆ ಕಪಾಟಿನೊಳಗೆ ಕೂಡಿಹಾಕುತ್ತಾರೆ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ಕೆಳಗೇ ಕೂರುತ್ತದೆ. ಹಾಗಾಗಿ ಕಪಾಟಿನ ಬುಡದಲ್ಲೂ ಮೇಲೂ ಗಾಳಿಕಂಡಿ ಬೇಕು. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಉರಿ ಅದಕ್ಕಿಂತ ಎತ್ತರದಲ್ಲಿರಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನೊಳಗೆ ಇಲಿಯ ಹಲ್ಲಿಗೆ ಬಗ್ಗದ ಉಕ್ಕಿನ ತಂತಿ ಉಂಟು. ಆದರೂ ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು, ರೇಂಜಿನ ಬಿಸಿ ಬೆನ್ನಿಗೆ ತಾಗಿಸಿ ಎಳೆಯಲೇಬಾರದು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು.

ಭಾವನ ಎತ್ತರದ ಕಪಾಟು ಈಗ ಫ್ರಿಜ್ಜಿನ ಪಕ್ಕಕ್ಕೆ ಹೋಗಿದೆ. ಖಾಲಿಯಾದ ಜಾಗದಲ್ಲಿ ಗ್ರಾನೈಟಿನ ಒಂದು ತುಂಡು ಕಟ್ಟೆ ಬಂತು. ಗಂಜಿ ಬಸಿಯುವುದು, ಬಿಸಿ ತಪಲೆ ಇಳಿಸುವುದು, ಅತ್ತೆಯ ಮೊಣಕೈ ಆಡುವುದು ಎಲ್ಲ ಅಲ್ಲೇ. ಇಡೀ ಅಡಿಗೆಮನೆಯಲ್ಲಿ ಅತಿ ಅಗ್ಗದ ಭಾಗ ಅದು, ಅತಿ ಹೆಚ್ಚು ಕೆಲಸಕ್ಕೆ ಬರುವುದೂ ಅದೇ.

ಮನೆ ಕಟ್ಟಿಸುವ ಅಕ್ಕ-ಅಣ್ಣಂದಿರಲ್ಲಿ ನನ್ನ ವಿನಂತಿ ಇಷ್ಟೆ. ಅಳತೆಯ ಟೇಪು ಹಿಡಿದು ಹುಡುಗ ಬಂದ ದಿನ ಅವನ ಎದುರಿಗೆ ಮನೆಯ ಅತಿ ದೊಡ್ಡ ತಪಲೆಯನ್ನೂ ಕಾವಲಿಯನ್ನೂ ಒಲೆಯ ಮೇಲಿಡಿ. ದಿನಾ ಅಡಿಗೆ ಮಾಡುವವರನ್ನೇ ಅಲ್ಲಿ ನಿಲ್ಲಿಸಿ, ಕೈ ಬೀಸಲು ಹೇಳಿ. ಕಂಪೆನಿಯ ಪುಸ್ತಕವನ್ನೂ ಒಮ್ಮೆ ಓದಿಸಿ. ಕಪಾಟು ಉಳಿದ ಜಾಗದಲ್ಲಿ ಬರಲಿ.