ವೈರಿಂಗ್ ಅಣ್ಣ

ಹಿರಿಯೂರು, ಚಿತ್ರದುರ್ಗ, ದಾವಣಗೆರೆ. 48ನೇ ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟುವ ಯಾವ ಜಾಗದಲ್ಲಿ ಇಳಿದರೂ ಪಂಕ್ಚರ್ ಅಂಗಡಿಗೂ ಟೀ ಅಂಗಡಿಗೂ ನಡುವೆ ಇವನು ಸಿಗುತ್ತಾನೆ. ನಿಜವಾದ ಹೆಸರು ಅವನ ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಲಾರಿಗೆ ಹೊಸ ಮ್ಯೂಸಿಕ್ ಸೆಟ್ ಕೂರಿಸಬೇಕು ಅಂದರೆ ಷೋರೂಮಿನವರು ವಾರಂಟಿ ಹೋಗುತ್ತೆ ಅಂತ ಹೆದರಿಸುತ್ತಾರೆ. ಅಣ್ಣ ಹೆದರಿಸುವವನಲ್ಲ. “ಬಿಚ್ಚು” ಅಂತಾನೆ.

ಬಿಚ್ಚಿದ ಮೇಲೆ ಮೊದಲ ಶಾಸ್ತ್ರ, ಹಿಂದಿನವನನ್ನು ಬಯ್ಯುವುದು. ಡ್ಯಾಶ್‌ಬೋರ್ಡಿನ ಒಳಕ್ಕೆ ಟಾರ್ಚ್ ಬಿಟ್ಟು ಲೊಚಗುಟ್ಟುತ್ತಾನೆ.

“ಯಾವನಯ್ಯ ಇದನ್ನ ಮಾಡಿದ್ದು? ಕೈ ಮುರೀಬೇಕು ಅವನ್ದು.”

“ನೀನೇ ಅಣ್ಣ. ಹೋದ ಯುಗಾದಿಗೆ.”

“ಆವತ್ತು ನೀನು ಕೊಟ್ಟ ಕಾಸಿಗೆ ಅಷ್ಟೇ ಬರೋದು.”

ಅವನ ಹತ್ತಿರ ಮೀಟರ್ ಇಲ್ಲ ಅಂದುಕೊಳ್ಳಬೇಡಿ. ಇದೆ. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಮತ್ತೆ ಡಬ್ಬಿ ಸೇರುತ್ತದೆ. ಕರೆಂಟ್ ನೋಡೋಕೆ ಎರಡು ವೈರಿನ ಟೆಸ್ಟ್ ಲ್ಯಾಂಪು, ವೈರ್ ಸುಲಿಯೋಕೆ ಹಲ್ಲು. ಫ್ಯೂಸ್ ಸುಟ್ಟಿದ್ದರೆ ಡ್ರೈವರ್ ಜೇಬಿನ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ.

ಅಸಲಿ ತಕರಾರು ವೋಲ್ಟಿನದು. ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24. ಡ್ರೈವರ್ ಆಸೆಪಟ್ಟು ತಂದ ಸೆಟ್ಟು ಕಾರಿನದು, 12. ನೇರ ಕೊಟ್ಟರೆ ಹಾಡಿನ ಬದಲು ಹೊಗೆ ಬರುತ್ತದೆ. ನಡುವೆ ಕನ್ವರ್ಟರ್ ಬೇಕು ಅಂತ ಅಣ್ಣನಿಗೂ ಗೊತ್ತು. ಡ್ರೈವರ್ ಮುಖ ಹುಳ್ಳಗೆ ಮಾಡಿದ ತಕ್ಷಣ, “ಬ್ಯಾಡ ಬಿಡು, ಒಂದೇ ಬ್ಯಾಟರೀಲಿ ಎಳೀತೀನಿ” ಅಂತಾನೆ. ದುಡಿಯೋದು ಒಂದು, ಚಾರ್ಜಿನ ಊಟ ಎರಡಕ್ಕೂ ಸಮ. ಕೆಲವು ತಿಂಗಳಲ್ಲಿ ಒಂದು ಹಸಿದು ಸಾಯುತ್ತದೆ, ಇನ್ನೊಂದು ಅಜೀರ್ಣದಿಂದ ಕುದಿಯುತ್ತದೆ. ಆಗ ಅಣ್ಣನ ತೀರ್ಪು: “ಈಗಿನ ಬ್ಯಾಟರಿ ಸರಿಯಿಲ್ಲ.”

ಸೆಟ್ಟಿನ ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ. ಕೀಲಿ ಇಲ್ಲದೆಯೂ ರಾತ್ರಿ ಹಾಡು ಬೇಕು ಅಂದರೆ ಎರಡನ್ನೂ ಹೊಸೆದು ಬ್ಯಾಟರಿಗೇ ಟೇಪ್ ಸುತ್ತಿಬಿಡುತ್ತಾನೆ. ಹಾಡು ಕೇಳುತ್ತಾ ಮಲಗಿದವನಿಗೆ ಬೆಳಗ್ಗೆ ಸ್ಟಾರ್ಟರ್ ‘ಕಟ್’ ಅನ್ನುತ್ತದೆ. ಸಿಮೆಂಟ್ ತುಂಬಿದ ಲಾರಿಯನ್ನು ತಳ್ಳೋಕೆ ಯಾರು ಬರ್ತಾರೆ?

ಆದರೆ ಸ್ಪೀಕರ್ ಕೂರಿಸುವಾಗ ಅವನನ್ನು ನೋಡಬೇಕು. ಟಾರ್ಚಿನ ಒಂದು ಸೆಲ್ಲನ್ನು ವೈರಿಗೆ ತಾಕಿಸುತ್ತಾನೆ. ಕಾಗದದ ಕೋನು ಮುಂದಕ್ಕೆ ಹಾರಿದರೆ ಪ್ಲಸ್ಸು ಸರಿ, ಹಿಂದಕ್ಕೆ ಹೋದರೆ ಉಲ್ಟಾ. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ಸತ್ತುಹೋಗುತ್ತದೆ ಅಂತ ಅವನಿಗೆ ಯಾವ ಐಟಿಐಯೂ ಹೇಳಿಕೊಟ್ಟಿಲ್ಲ. ಈ ಒಂದು ಕೆಲಸದಲ್ಲಿ ಅವನು ಕಾಸು ನೋಡುವುದೂ ಇಲ್ಲ, ಮಾತಾಡುವುದೂ ಇಲ್ಲ.

ಕೊನೆಗೆ ತನ್ನದೇ ಪೆನ್‌ಡ್ರೈವ್ ಚುಚ್ಚಿ ಫುಲ್ ವಾಲ್ಯೂಮ್. ಟೀ ಅಂಗಡಿಯ ಗಾಜಿನ ಲೋಟಗಳು ಗಡಗಡ. ಡ್ರೈವರ್ ಖುಷಿಯಾಗಿ ಇಂಜಿನ್ ಹಾಕಿ ಎಕ್ಸಲೇಟರ್ ಒತ್ತುತ್ತಾನೆ. ಹಾಡಿನ ಹಿಂದೆ ‘ಗುಂಯ್’ ಅಂತ ಒಂದು ಶ್ರುತಿ ಏರುತ್ತದೆ.

“ಅಣ್ಣ, ಇದೇನು ಸದ್ದು?”

“ಅರ್ತಿಂಗು. ತೆಗೀಬೇಕಾದ್ರೆ ಎಲ್ಲಾ ಬಿಚ್ಚಬೇಕು.” ದುಡ್ಡು ಎಣಿಸುತ್ತಾ, “ವಾಲ್ಯೂಮ್ ಇನ್ನೊಂಚೂರು ಏರಿಸು, ಕೇಳ್ಸಲ್ಲ.”