55 ಡಾಲರಿನ ಸಂಘನಿಷ್ಠೆ

ನ್ಯೂಯಾರ್ಕ್ ಅಂದ ಕೂಡಲೇ ಊರಿನ ನೆಂಟರ ಕಣ್ಣಿಗೆ ಕಟ್ಟುವುದು ಮುಗಿಲೆತ್ತರದ ಕಟ್ಟಡ, ಹಳದಿ ಟ್ಯಾಕ್ಸಿ, ಪಂಜು ಹಿಡಿದು ನಿಂತ ಹೆಂಗಸು. ನಾವಿರುವುದು ಅದೇ ಹೆಸರಿನ ರಾಜ್ಯದಲ್ಲೇ, ಆದರೆ ಆ ಮಹಾನಗರದಿಂದ ನಾಲ್ಕೈದು ಗಂಟೆ ಕಾರು ಓಡಿಸಿದ ಮೇಲೆ ಸಿಗುವ ಸಿರಾಕ್ಯೂಸಿನಲ್ಲಿ. ಇಲ್ಲಿ ಟ್ಯಾಕ್ಸಿ ಅಪರೂಪ, ಹಿಮ ತಳ್ಳುವ ಲಾರಿ ಯಥೇಚ್ಛ. ವರ್ಷಕ್ಕೆ ಸುಮಾರು 120 ಇಂಚು ಹಿಮ ಬೀಳುವ ಊರಿನಲ್ಲಿ ಚಳಿಗಾಲ ಕಳೆಯಲು ಜನ ಕಂಡುಕೊಂಡ ದಾರಿಗಳು ಎರಡೇ: ಫ್ಲಾರಿಡಾಕ್ಕೆ ಓಡುವುದು, ಇಲ್ಲವೇ ಸ್ನೋಮೊಬೈಲ್ ಕೊಳ್ಳುವುದು. ಫ್ಲಾರಿಡಾದಲ್ಲಿ ನಮಗೆ ಉಳಿದುಕೊಳ್ಳಲು ನೆಂಟರಿಲ್ಲ.

ಸ್ನೋಮೊಬೈಲ್ ನೋಡದವರಿಗೆ ಒಂದು ಮಾತು. ಮುಂದೆ ಎರಡು ಸ್ಕೀ, ಹಿಂದೆ ಗಿರಗಿರನೆ ಸುತ್ತುವ ರಬ್ಬರಿನ ಅಗಲ ಪಟ್ಟಿ, ನಡುವೆ ಎಂಜಿನ್, ಅದರ ಮೇಲೆ ಬಟ್ಟೆಯ ಮೇಲೆ ಬಟ್ಟೆ ತೊಟ್ಟು ಕೂತ ಮನುಷ್ಯ. ಇಲ್ಲಿಯವರು ಅದನ್ನು ಪ್ರೀತಿಯಿಂದ ಸ್ಲೆಡ್ ಅನ್ನುತ್ತಾರೆ. ನನ್ನ ಹೆಂಡತಿ 'ನಿಮ್ಮ ಅದು' ಅನ್ನುತ್ತಾಳೆ.

ಕೊಳ್ಳುವುದೇನೋ ಸುಲಭ. ಹಣವಿದ್ದವರು ಹೊಸದನ್ನು ಕೊಳ್ಳುತ್ತಾರೆ, ಇಲ್ಲದವರು ಹಾಗೆ ಹೊಸದು ಕೊಂಡವರ ಹಳೆಯದನ್ನು ಕೊಳ್ಳುತ್ತಾರೆ. ಪೇಚಾಟ ಇರುವುದು ನೋಂದಣಿಯಲ್ಲಿ. ನಾನು ಕೊಂಡಾಗ ಈ ರಾಜ್ಯದಲ್ಲಿ ಸ್ನೋಮೊಬೈಲ್ ನೋಂದಣಿಗೆ ವರ್ಷಕ್ಕೆ 100 ಡಾಲರ್ ಇತ್ತು. ಆದರೆ ನೀವು ಯಾವುದಾದರೊಂದು ಸ್ನೋಮೊಬೈಲ್ ಕ್ಲಬ್ಬಿನ ಸದಸ್ಯರಾಗಿದ್ದು, ಅದಕ್ಕೆ ಸಾಕ್ಷಿಯಾಗಿ ಕ್ಲಬ್ಬಿನಿಂದ ಪಡೆದ ವೋಚರ್ ತೋರಿಸಿದರೆ 45 ಆಗುತ್ತಿತ್ತು. ಕ್ಲಬ್ಬಿನ ಚಂದಾ ಮೂವತ್ತು ನಲವತ್ತು ಡಾಲರಿನ ಆಸುಪಾಸು. ಅಂದರೆ ಯಾರ ಸಹವಾಸವೂ ಬೇಡವೆಂದು ಒಂಟಿಯಾಗಿರುವುದಕ್ಕಿಂತ ಸಂಘಕ್ಕೆ ಸೇರಿಬಿಡುವುದೇ ಅಗ್ಗ. ಮನುಷ್ಯ ಸಂಘಜೀವಿ ಎಂದು ತತ್ವಜ್ಞಾನಿಗಳು ಬರೀ ಬಾಯಲ್ಲಿ ಹೇಳಿಹೋದರು. ರಾಜ್ಯದ ರಾಜಧಾನಿ ಆಲ್ಬನಿಯ ಶಾಸಕರು 55 ಡಾಲರ್ ಕೈಬಿಟ್ಟು ಒಪ್ಪಿಸಿಬಿಟ್ಟರು.

ಅವರ ಲೆಕ್ಕಾಚಾರ ದಡ್ಡತನದ್ದಲ್ಲ. ರಾಜ್ಯದಲ್ಲಿ ಹತ್ತು ಸಾವಿರ ಮೈಲಿಗೂ ಮೀರಿದ ಸ್ನೋಮೊಬೈಲ್ ದಾರಿಗಳಿವೆ. ಅವುಗಳ ಪೊದೆ ಸವರುವವರು, ಹಳ್ಳಕ್ಕೆ ಮರದ ಸೇತುವೆ ಹಾಕುವವರು, ಫಲಕ ನೆಡುವವರು, ರಾತ್ರಿ ಎದ್ದು ಹಿಮ ಸಮ ಮಾಡುವವರು ಬಹುಪಾಲು ಈ ಕ್ಲಬ್ಬುಗಳ ಜನ, ಅದೂ ಪುಕ್ಕಟೆಯಾಗಿ. ನೋಂದಣಿಯ ದುಡ್ಡು ಒಂದು ನಿಧಿಗೆ ಸೇರಿ, ಕೌಂಟಿಗಳ ಮೂಲಕ ಕ್ಲಬ್ಬುಗಳಿಗೆ ಹರಿದುಬರುತ್ತದೆ. ಸರ್ಕಾರಿ ನೌಕರರನ್ನೇ ಇಟ್ಟು ಇದನ್ನೆಲ್ಲ ಮಾಡಿಸಿದ್ದರೆ ನೋಂದಣಿಗೆ ನೂರಲ್ಲ, ಸಾವಿರವಾದರೂ ಸಾಲುತ್ತಿರಲಿಲ್ಲ.

ಸರಿ, ಸೇರೋಣ. ಯಾವುದಕ್ಕೆ? ಇಂಥ ಕ್ಲಬ್ಬುಗಳು ರಾಜ್ಯದಲ್ಲಿ ಇನ್ನೂರರಷ್ಟಿವೆ. ಅಮೆರಿಕದ ಕನ್ನಡಿಗನಿಗೆ ಸಂಘ ಆರಿಸುವ ವಿದ್ಯೆ ಹೊಸದೇನಲ್ಲ ಬಿಡಿ. ಯುಗಾದಿ ಊಟ ಯಾವ ಕೂಟದಲ್ಲಿ ಚೆನ್ನಾಗಿರುತ್ತದೆ, ಪುಳಿಯೋಗರೆ ಹೊಣೆ ಯಾರದು, ಹೋದ ಸಲ ಮೈಕು ಕಿತ್ತುಕೊಂಡ ಕಾರ್ಯದರ್ಶಿ ಈಗ ಯಾವ ಬಣದಲ್ಲಿದ್ದಾರೆ, ಇಷ್ಟನ್ನು ವಿಚಾರಿಸಿಕೊಂಡೇ ನಾವು ಚೆಕ್ ಬರೆಯುವುದು. ನಾನು ಅದೇ ಕ್ರಮದಲ್ಲಿ ವಿಚಾರಣೆಗೆ ಇಳಿದೆ.

ಮೊದಲ ಉಮೇದುವಾರ ನಮ್ಮ ಬಡಾವಣೆಯ ಕ್ಲಬ್. ಅದರ ಅಧ್ಯಕ್ಷರ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಗ್ಯಾರೇಜಿನಲ್ಲಿ ಸ್ಲೆಡ್ ನಿಂತದ್ದನ್ನು ಬೀದಿಯಿಂದಲೇ ಕಂಡು, ಮರುದಿನವೇ ಅರ್ಜಿ ನಮೂನೆ ಹಿಡಿದು ಬಂದರು. ಅವರ ದಾರಿ ನಮ್ಮ ಹಿತ್ತಲಿನಾಚೆಯ ಜೋಳದ ಹೊಲವನ್ನು ಬಳಸಿ ಹೋಗುತ್ತದೆ. ಟ್ರೇಲರ್ ಬೇಡ, ಪೆಟ್ರೋಲ್ ದಂಡವಿಲ್ಲ, ಅಡುಗೆಮನೆ ಬಾಗಿಲಲ್ಲೇ ಹತ್ತಿ ಹೊರಡಬಹುದು. ಎಲ್ಲ ಅನುಕೂಲವೂ ಇದೆ, ಹಿಮವೊಂದು ಬಿಟ್ಟು. ನಮ್ಮೂರಿನಲ್ಲಿ ಹಿಮ ಬೀಳುವುದಕ್ಕೆ ಬರಗಾಲವಿಲ್ಲ. ನಿಲ್ಲುವ ವ್ಯವಧಾನ ಅದಕ್ಕಿಲ್ಲ. ಸೋಮವಾರ ಒಂದಡಿ ಬೀಳುತ್ತದೆ, ಬುಧವಾರ ಮಳೆ ಹುಯ್ಯುತ್ತದೆ, ಶನಿವಾರ ನಾವು ಹೆಲ್ಮೆಟ್ ಹಾಕಿಕೊಂಡು ನಿಂತಾಗ ಹೊಲದಲ್ಲಿ ಕೆಸರು. ಅಧ್ಯಕ್ಷರು ಮಾತ್ರ ಪ್ರತಿ ಶುಕ್ರವಾರವೂ ಆಕಾಶ ನೋಡಿ, "ಈ ವಾರ ನೋಡಿ" ಅನ್ನುತ್ತಾರೆ. ಅಂಥ ಆಶಾವಾದಿಗೆ ಚಂದಾ ಕೊಡುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ಎರಡನೆಯದನ್ನು ನಾನು ಮನಸ್ಸಿನಲ್ಲೇ ತಿಂಡಿ ಕ್ಲಬ್ ಎಂದು ಕರೆಯುತ್ತಿದ್ದೆ. ಉತ್ತರಕ್ಕೆ ಹೋಗುವ ದಾರಿಯಲ್ಲಿ, ಒಂದು ಹಳ್ಳಿಯ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಇವರ ಸಭೆ. ಚಳಿಗಾಲದ ಭಾನುವಾರಗಳಂದು ಪ್ಯಾನ್‌ಕೇಕ್ ಉಪಾಹಾರ: ಕಾವಲಿಯ ಮುಂದೆ ಏಪ್ರನ್ ಕಟ್ಟಿಕೊಂಡ ಖಜಾಂಚಿ, ಪಕ್ಕದಲ್ಲಿ ಅದೇ ಜಿಲ್ಲೆಯ ಮೇಪಲ್ ಪಾಕದ ಹೂಜಿ, ಗೋಡೆಗೆ ಒರಗಿಸಿಟ್ಟ ಐವತ್ತು ಹೆಲ್ಮೆಟ್. ಫೆಬ್ರವರಿಯಲ್ಲಿ ಪೋಕರ್ ರನ್, ಅಂದರೆ ಐದು ಕಡೆ ಸ್ಲೆಡ್ ನಿಲ್ಲಿಸಿ ಒಂದೊಂದು ಇಸ್ಪೀಟು ಎಲೆ ಎತ್ತಿಕೊಂಡು ಬರುವುದು, ಕೊನೆಗೆ ಯಾರ ಕೈ ಚೆನ್ನಾಗಿದೆಯೋ ಅವರಿಗೆ ಬಹುಮಾನ. ಇಸ್ಪೀಟಿಗಾಗಿ ಮಂಜಿನಲ್ಲಿ ಎಂಬತ್ತು ಮೈಲಿ ಅಲೆಯುವ ಜನರನ್ನು ನೋಡಿದರೆ ನಮ್ಮ ಊರಿನ ಅರಳಿಕಟ್ಟೆಯವರು ಎಷ್ಟು ಸಂಯಮಿಗಳು ಅನ್ನಿಸುತ್ತದೆ.

ಇವರಲ್ಲಿ ಮಾಂಸದ ಲಾಟರಿಯೂ ಉಂಟು. ಡಾಲರಿಗೊಂದು ಚೀಟಿ, ಚಕ್ರ ತಿರುಗಿಸಿ ಸಂಖ್ಯೆ ಕೂಗುತ್ತಾರೆ, ಗೆದ್ದವರಿಗೆ ಹಂದಿಯ ತೊಡೆಯೋ ಗೋಮಾಂಸದ ತುಂಡೋ ಕೋಳಿಯೋ. ಗುಂಪಿನಲ್ಲಿ ಒಬ್ಬನೇ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ನಾನೂ ಎರಡು ಚೀಟಿ ಕೊಂಡೆ. ಬೆಂಗಳೂರಿನಲ್ಲಿ ಬಿಡಿಎ ಸೈಟಿಗೆ ಅರ್ಜಿ ಹಾಕಿ ಹಾಕಿ ಸುಸ್ತಾದ ವಂಶದವನು ನಾನು. ಯಾವ ಲಾಟರಿಯೂ ಈ ಜನ್ಮದಲ್ಲಿ ತಗುಲುವುದಿಲ್ಲ ಎಂಬ ಭರವಸೆ ಇತ್ತು. ಆ ದಿನ ನನ್ನ ಸಂಖ್ಯೆ ಕೂಗಿದರು. ಇಡೀ ಹಾಲು ಚಪ್ಪಾಳೆ ತಟ್ಟುತ್ತಿರುವಾಗ, ಹುಟ್ಟಿದಾಗಿನಿಂದ ಮಾಂಸವನ್ನು ಮುಟ್ಟದ ನಾನು ಮಗುವಿನ ಗಾತ್ರದ ಹಂದಿ ತೊಡೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಫೋಟೋಕ್ಕೆ ನಿಂತೆ. ಅದನ್ನು ಮನೆಯೊಳಗೆ ತರಲು ಹೆಂಡತಿ ಬಿಡುವುದಿಲ್ಲ, ಬಿಸಾಡಲು ಮನಸ್ಸು ಬಾರದು. ಹಿಂದಿನ ಬೀದಿಯ ಅಧ್ಯಕ್ಷರಿಗೆ ಕೊಟ್ಟೆ. ಅವರು ಕಣ್ಣರಳಿಸಿ ಕೈಕುಲುಕಿ, "ಹಾಗಾದರೆ ನಮ್ಮ ಕ್ಲಬ್ಬಿಗೇ ಸೇರಿದ ಹಾಗಾಯಿತು" ಎಂದರು. ಬೇರೆ ಕ್ಲಬ್ಬಿನ ತೊಡೆ ಈ ಕ್ಲಬ್ಬಿನ ಸದಸ್ಯತ್ವವಾಯಿತು!

ಮೂರನೆಯದು ಬೆಟ್ಟದ ಮೇಲಿನದು. ಬೆಟ್ಟ ಅಂದರೆ ಟಗ್ ಹಿಲ್, ನಮ್ಮಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಪಶ್ಚಿಮಕ್ಕೆ ಒಂಟೇರಿಯೊ ಸರೋವರ, 800 ಅಡಿಗೂ ಆಳವಾದ್ದರಿಂದ ಚಳಿಗಾಲದಲ್ಲೂ ಬಹುಪಾಲು ಹೆಪ್ಪುಗಟ್ಟದು. ಅದರ ಮೇಲೆ ಹಾದುಬರುವ ಕೊರೆಯುವ ಗಾಳಿ ನೀರಿನ ಆವಿ ಹೀರಿಕೊಂಡು ಬಂದು, ಸುಮಾರು ಎರಡು ಸಾವಿರ ಅಡಿಯವರೆಗೆ ಏರಿದ ಈ ದಿಬ್ಬಕ್ಕೆ ಡಿಕ್ಕಿ ಹೊಡೆದು, ಹೊತ್ತದ್ದನ್ನೆಲ್ಲ ಇಲ್ಲೇ ಸುರಿಯುತ್ತದೆ. 1976-77ರ ಚಳಿಗಾಲದಲ್ಲಿ ಇಲ್ಲಿನ ಹೂಕರ್ ಎಂಬಲ್ಲಿ 466.9 ಇಂಚು ಹಿಮ ಬಿತ್ತು, ಅಂದರೆ ಹತ್ತಿರ ಹತ್ತಿರ 39 ಅಡಿ. 1997ರ ಜನವರಿಯಲ್ಲಿ ಮಾಂಟೆಗ್ಯು ಎಂಬ ಊರಿನಲ್ಲಿ ಒಂದೇ ದಿನಕ್ಕೆ 77 ಇಂಚು ಬಿದ್ದು ಲೋಕವೇ ತಿರುಗಿ ನೋಡಿತು. ಆದರೆ ಹವಾಮಾನ ಇಲಾಖೆಯ ಸಮಿತಿ ಅದನ್ನು ದಾಖಲೆಯೆಂದು ಒಪ್ಪಲಿಲ್ಲ. ಕಾರಣ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಅಳೆಯಬಾರದಂತೆ, ಅಲ್ಲಿ ಆರು ಸಲ ಅಳೆದಿದ್ದರು. ಹಿಮ ಕೂತಷ್ಟೂ ಕುಗ್ಗುತ್ತದೆ, ಪದೇ ಪದೇ ಅಳೆದರೆ ಒಟ್ಟು ಹೆಚ್ಚು ಬರುತ್ತದೆ, ಎಂಬುದು ಅವರ ವಾದ. ಆರಡಿ ಹಿಮದಲ್ಲಿ ಹೂತುಹೋದವನಿಗೆ ಮಾಡಲು ಬೇರೆ ಕೆಲಸವೇನಿರುತ್ತದೆ, ಅಳೆಯದೆ?

ಇಷ್ಟು ಹಿಮವಿದ್ದರೂ ಅದರ ಮೇಲೆ ಹಾಗೇ ಓಡಿಸಲಾಗದು. ಒಂದೇ ದಾರಿಯಲ್ಲಿ ನೂರಾರು ಸ್ಲೆಡ್‌ಗಳು ವೇಗ ಏರಿಸಿ, ಬ್ರೇಕು ಹಾಕಿ ಸಾಗಿದರೆ ಸಂಜೆಯೊಳಗೆ ಮೊಣಕಾಲೆತ್ತರದ ಉಬ್ಬುಗಳು ಏಳುತ್ತವೆ. ಐವತ್ತು ದಾಟಿದ ಬೆನ್ನುಮೂಳೆಗೆ ಪ್ರತಿಯೊಂದು ಉಬ್ಬೂ ಪ್ರತ್ಯೇಕವಾಗಿ ನೆನಪಿರುತ್ತದೆ. ಇದನ್ನು ಸಮ ಮಾಡುವ ಯಂತ್ರಕ್ಕೆ ಗ್ರೂಮರ್ ಎನ್ನುತ್ತಾರೆ. ಹೊಸದರ ಬೆಲೆ ಎರಡು ಲಕ್ಷ ಡಾಲರ್ ದಾಟುತ್ತದೆ. ಒಂದು ರಾತ್ರಿ ಬೆಟ್ಟದ ಕ್ಲಬ್ಬಿನವರು ನನ್ನನ್ನು ಅದರಲ್ಲಿ ಕೂರಿಸಿಕೊಂಡರು. ಓಡಿಸುತ್ತಿದ್ದವರು ಹೈನುಗಾರಿಕೆಯಿಂದ ನಿವೃತ್ತರಾದ ಹಿರಿಯರು. ಬದುಕಿಡೀ ನಸುಕಿನಲ್ಲೆದ್ದು ಹಾಲು ಕರೆದ ಜೀವಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೇ ಈ ಕೆಲಸ ಎಂದರು. ಓಟ ಗಂಟೆಗೆ ಎಂಟೊಂಬತ್ತು ಮೈಲಿ, ಅಷ್ಟೇ. ಹಿಂದೆ ಎಳೆದುಕೊಂಡು ಬರುವ ಉದ್ದನೆಯ ಚೌಕಟ್ಟಿನಲ್ಲಿ ಸಾಲು ಸಾಲು ಉಕ್ಕಿನ ಅಲಗು. ಅವು ಉಬ್ಬನ್ನು ಹೆರೆದು, ಪುಡಿ ಮಾಡಿ, ತಗ್ಗಿಗೆ ತುಂಬುತ್ತವೆ. ಕೊನೆಯಲ್ಲಿ ಭಾರದ ತಟ್ಟೆಯೊಂದು ಅದನ್ನು ಒತ್ತಿ ಗೀರು ಗೀರಾಗಿ ಬಿಡುತ್ತದೆ. ದೀಪಕ್ಕೆ ಮಿನುಗುವ ಫಲಕಗಳನ್ನು ನೋಡಿಕೊಂಡೇ ದಾರಿ ಹಿಡಿಯಬೇಕು, ಉಳಿದದ್ದೆಲ್ಲ ಬಿಳಿ. ಹಾಗೆ ಒತ್ತಿದ ಹಿಮ ಗಟ್ಟಿಯಾಗಲು ಕೆಲವು ಗಂಟೆಗಳ ಕೊರೆಚಳಿ ಬೇಕು. ಅದಕ್ಕೇ ಇದು ರಾತ್ರಿಯ ಕೆಲಸ. ನಾವು ಒಂದು ತಿರುವು ಮುಗಿಸುವಷ್ಟರಲ್ಲಿ ಹಿಂದಿನಿಂದ ಯಾರೋ ಪಡ್ಡೆ ಹುಡುಗ ಆಗಷ್ಟೇ ಹಾಸಿದ್ದರ ಮೇಲೆ ಗುರ್ರೆಂದು ಹಾದುಹೋದ. ಹಿರಿಯರ ಬಾಯಿಂದ ಆಗ ಒಂದು ಬೈಗುಳ ಬಂತು, ರಾತ್ರಿಯಿಡೀ ಅದೊಂದೇ. ಇಲ್ಲಿ ಬರೆಯುವಂಥದ್ದಲ್ಲ.

ಕ್ಲಬ್ಬಿನವರ ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳದು. ದಾರಿಗಳು ಬಹುಪಾಲು ಹಾದುಹೋಗುವುದು ಖಾಸಗಿ ಜಮೀನಿನಲ್ಲಿ. ಬಾಡಿಗೆಯಿಲ್ಲ, ರೈತ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿಟ್ಟಿಯಾಗಿ ದಾರಿ ಬಿಟ್ಟ ರೈತನ ಮೇಲೆ, ಬಿದ್ದು ಕೈಕಾಲು ಮುರಿದುಕೊಂಡವರು ಸುಲಭವಾಗಿ ದಾವೆ ಹೂಡದಂತೆ ರಾಜ್ಯದ ಕಾನೂನು ರಕ್ಷಣೆ ಕೊಟ್ಟಿದೆ. ಆದರೂ ಒಬ್ಬನೇ ಒಬ್ಬ ಫಲಕ ಮೀರಿ ಬಿತ್ತಿದ ಹೊಲಕ್ಕೆ ನುಗ್ಗಿದನೆಂದರೆ ಮುಂದಿನ ವರ್ಷ ಅಲ್ಲಿ ಸರಪಳಿ. ಆಗ ಕ್ಲಬ್ಬಿನವರು ಕೈಯಲ್ಲಿ ಟೋಪಿ ಹಿಡಿದು ರೈತನ ಅಂಗಳದಲ್ಲಿ ನಿಂತು, ಹವಾಮಾನ, ಹಸು, ಹಾಲಿನ ದರ ಎಲ್ಲ ಮಾತಾಡಿ, ಕೊನೆಗೆ ಮೆಲ್ಲಗೆ ದಾರಿಯ ವಿಷಯ ಎತ್ತಬೇಕು. ನಮ್ಮ ಕಡೆ ಹೆಣ್ಣು ಕೇಳಲು ಹೋದವರೂ ಇಷ್ಟು ವಿನಯ ತೋರಿಸುವುದಿಲ್ಲ.

ಅಷ್ಟಕ್ಕೂ ಸ್ನೋಮೊಬೈಲಿನ ಹುಟ್ಟೇ ಸಂಗಾತಿಗಳ ದೆಸೆಯಿಂದ ಆದದ್ದು. ವಿಸ್ಕಾನ್ಸಿನ್ನಿನ ಸೇನರ್ ಎಂಬ ಊರಿನ ಕಾರ್ಲ್ ಇಲಿಯಾಸನ್‌ಗೆ ಪಾದದ ಊನವಿತ್ತು. ಹಿಮದಲ್ಲಿ ಬೇಟೆಗೆ ಹೊರಟ ಗೆಳೆಯರ ಜೊತೆ ಹೆಜ್ಜೆ ಹಾಕಲಾಗುತ್ತಿರಲಿಲ್ಲ. 1924ರಲ್ಲಿ ಮರದ ಜಾರುಬಂಡಿಗೆ ದೋಣಿಯ ಎಂಜಿನ್, ಬೈಸಿಕಲ್ ಭಾಗಗಳು, ಫೋರ್ಡ್ ಮಾಡೆಲ್ ಟಿ ಕಾರಿನ ರೇಡಿಯೇಟರ್ ಜೋಡಿಸಿ ಗೆಳೆಯರನ್ನು ಹಿಡಿದೇಬಿಟ್ಟ. ಒಂಟಿಯಾಗಿ ಓಡಾಡುವ ಆಸೆಯಿದ್ದಿದ್ದರೆ ಅವನು ಮನೆಯಲ್ಲೇ ಬೆಂಕಿ ಕಾಯಿಸಿಕೊಂಡಿರುತ್ತಿದ್ದ.

ನನ್ನ ತೀರ್ಮಾನಕ್ಕೆ ಬರೋಣ. ವೋಚರ್ ಕೊಡುವುದು ಒಂದೇ ಕ್ಲಬ್, ಆದರೆ ಉಳಿದವುಗಳಿಗೆ ಬರೀ ಚಂದಾ ಕೊಟ್ಟು ಹೆಚ್ಚುವರಿ ಸದಸ್ಯನಾಗಬಹುದು. ವೋಚರ್ ಬೆಟ್ಟದ ಕ್ಲಬ್ಬಿನಿಂದಲೇ ಪಡೆದೆ, ಏಕೆಂದರೆ ನನ್ನ ಸವಾರಿಯೆಲ್ಲ ಅವರ ದಾರಿಯಲ್ಲಿ, ನನ್ನ ಬೆನ್ನು ಉಳಿದಿರುವುದು ಅವರ ಗ್ರೂಮರಿನಿಂದ. ಬಡಾವಣೆಯ ಕ್ಲಬ್ಬಿಗೂ ಚಂದಾ ಕೊಟ್ಟೆ. ಹಂದಿ ತೊಡೆಯ ಋಣ ಇತ್ತು, ಅಲ್ಲದೆ ಹಿಮವೇ ಇಲ್ಲದ ದಾರಿಯನ್ನು ಕಾಪಾಡಿಕೊಂಡು ಬಂದವರಿಗೆ ಯಾರಾದರೂ ಬೆನ್ನು ತಟ್ಟಬೇಡವೇ? ತಿಂಡಿ ಕ್ಲಬ್ಬಿಗೆ ತಿಂಡಿಯ ದುಡ್ಡು ಕೊಟ್ಟೇ ತಿನ್ನುತ್ತೇನೆ. ಲಾಟರಿ ಚೀಟಿ ಮಾತ್ರ ಬಿಟ್ಟಿದ್ದೇನೆ. ಹೆಂಡತಿ ಕಾಗದದ ಮೇಲೆ ಎಲ್ಲ ಕೂಡಿ, "55 ಉಳಿಸಲು ಹೋಗಿ ಒಟ್ಟು ಖರ್ಚು ನೂರು ದಾಟಿತಲ್ಲ" ಎಂದಳು. ಕೂಡುವುದರಲ್ಲಿ ಅವಳು ಎಂದೂ ತಪ್ಪುವವಳಲ್ಲ.

ಈ ಕಡೆ ಸ್ಲೆಡ್ ಇಟ್ಟುಕೊಂಡ ಕನ್ನಡಿಗರು ಇನ್ನೂ ಇದ್ದರೆ ಕೇಳಿ: ನೋಂದಣಿ ವರ್ಷ ಸೆಪ್ಟೆಂಬರ್ 1ಕ್ಕೆ ಶುರು. ವೋಚರ್ ಯಾವ ಕ್ಲಬ್ಬಿನದು ಎಂದು ಮನೆಯ ದೂರ ನೋಡಿ ಆರಿಸಬೇಡಿ, ನೀವು ಹೆಚ್ಚು ಓಡಾಡುವ ದಾರಿಯನ್ನು ಹಸನು ಮಾಡುವವರು ಯಾರೆಂದು ನೋಡಿ. ಅಕ್ಟೋಬರಿನ ಶನಿವಾರ ಕೊಂಬೆ ಎಳೆಯಲು ಕರೆದರೆ ಹೋಗಿ, ಕೈಗವಸು ನಿಮ್ಮದೇ ಇರಲಿ. ಕಾಫಿ ಅವರೇ ಕೊಡುತ್ತಾರೆ, ಆದರೂ ಫ್ಲಾಸ್ಕಿನಲ್ಲಿ ಮನೆಯದನ್ನು ಒಯ್ಯುವುದು ಒಳ್ಳೆಯದು.